ಬಂದು ಹೋಗುವ ನಡುಕ

ನಾವು ಅಂದರೆ ಮೂರು ಜನ. ಅಣ್ಣ ಗಾಡಿ ಓಡಿಸುತ್ತಾನೆ. ಚಿಕ್ಕಪ್ಪನ ಮಗ ಲೋಡು ಎತ್ತುತ್ತಾನೆ, ಮಂಡಿ ಲೆಕ್ಕ ನೋಡುತ್ತಾನೆ. ಮೂರನೆಯವನು ಬಿ.ಎ. ಪಾಸು ಮಾಡಿ, ಪದ್ಯ ಬರೆದುಕೊಂಡು, ಸಿಕ್ಕ ಸಿಕ್ಕ ಕೆಲಸಕ್ಕೆ ಅರ್ಜಿ ಗುಜರಾಯಿಸಿಕೊಂಡು ಇದ್ದವನು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು. ಇದನ್ನು ಬರೆಯುತ್ತಿರುವ ಕೈ ಅವನದು. ಮಾತು ಮಾತ್ರ ಮೂವರದೂ. ಸಾಲ ಮೂವರ ತಲೆ ಮೇಲಿತ್ತು, ನಡುಕವನ್ನೂ ಮೂವರೇ ಹಂಚಿಕೊಂಡೆವು. ಹಾಗಾಗಿ ಇಲ್ಲಿ ‘ನಾನು’ ಅನ್ನುವವನಿಗೆ ಜಾಗವಿಲ್ಲ.

ನಮ್ಮೂರು ಗುಂಡ್ಲುಪೇಟೆ ಸೀಮೆ. ಬೆಳೆದ ಟೊಮೇಟೊ, ಎಲೆಕೋಸು, ಬೀನ್ಸು ಮೈಸೂರಿನ ಬಂಡೀಪಾಳ್ಯದ ಎ.ಪಿ.ಎಂ.ಸಿ.ಗೆ ಹೋಗಬೇಕು. ಊಟಿ ರಸ್ತೆ ಹಿಡಿದು, ನಂಜನಗೂಡು ದಾಟಿ, ಹತ್ತಿರಹತ್ತಿರ 60 ಕಿಲೋಮೀಟರು. ಬೆಳೆ ಊರಿನವರದು, ಕೂಲಿ ಕೇರಿಯವರದು, ಹೊತ್ತು ಹೋಗುವ ಗಾಡಿ ಮತ್ತೆ ಊರಿನವರದು. ನಮ್ಮ ತಾತ ಗಾಡಿ ಹೊಡೆದವನೂ ಅಲ್ಲ. ಯಜಮಾನರ ಗಾಡಿಯ ಹಿಂದೆ ಧೂಳು ಕುಡಿದುಕೊಂಡು ನಡೆದವನು. ಅಪ್ಪ ಲಾರಿಗೆ ಮೂಟೆ ಎತ್ತಿ ಎತ್ತಿ ಬೆನ್ನು ಬಿದ್ದು ಹಾಸಿಗೆ ಹಿಡಿದು ಸತ್ತ. ಆದ್ದರಿಂದ ಕೇರಿಗೆ ಒಂದು ಗಾಡಿ ಬರಬೇಕು ಅನ್ನೋದು ನಮಗೆ ಬರೀ ಸಂಪಾದನೆಯ ಮಾತಾಗಿರಲಿಲ್ಲ.

ಗಾಡಿ ಅಂದರೆ ಪಿಕಪ್ಪು. ಸೆಕೆಂಡ್ ಹ್ಯಾಂಡು. ಎಂಟು ವರ್ಷ ಹಳೇದು. 3,40,000 ರೂಪಾಯಿ. ಅವ್ವ ಸಂಘದಲ್ಲಿ 60,000 ಎತ್ತಿದಳು. ಅಕ್ಕ ಕಿವಿಯ ಓಲೆ ಬಿಚ್ಚಿ ಕೊಟ್ಟಳು. ಉಳಿದದ್ದು ಫೈನಾನ್ಸು, ತಿಂಗಳಿಗೆ 9,800 ಕಂತು. ಎರಡು ಕಂತು ತಪ್ಪಿದರೆ ನಡುರೋಡಿನಲ್ಲೇ ಕೀ ಕಿತ್ತುಕೊಂಡು ಗಾಡಿ ಎಳೆದುಕೊಂಡು ಹೋಗುತ್ತಾರೆ ಅನ್ನೋದು ನಮಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದೆವು. ಮುಂದಿನ ಗಾಜಿನ ಮೇಲೆ ಬಾಬಾಸಾಹೇಬರ ಪಟ ಅಂಟಿಸಿದೆವು.

ಕೊಳ್ಳುವ ದಿನ ಮಾರುವವನು ಗಾಡೀಲಿ ಹನ್ನೆರಡು ಮೂಟೆ ಸಿಮೆಂಟು ತುಂಬಿಕೊಂಡೇ ಬಂದಿದ್ದ. “ಇದು ಹಾದೀಲಿ ಇಳಿಸಬೇಕಾದ ಮಾಲು, ಇರ್ಲಿ ಬಿಡಿ, ಕೂತ್ಕಳಿ, ಒಂದು ರೌಂಡು ನೋಡಿ” ಅಂದ. ನೋಡಿದೆವು. ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು. ಆ ಹನ್ನೆರಡು ಮೂಟೆಯ ಮರ್ಮ ನಮಗೆ ತಿಳಿದದ್ದು ಮೂರು ತಿಂಗಳ ಮೇಲೆ.

ನಾಲ್ಕನೇ ದಿನ ಮಂಡಿಗೆ ಮಾಲು ಹಾಕಿ ಖಾಲಿ ವಾಪಸ್ಸು ಬರುತ್ತಿದ್ದೆವು. ಕಡಕೊಳ ದಾಟಿ ಗಾಡಿ 50 ಮುಟ್ಟಿದ್ದೇ ತಡ, ಕೆಳಗಿನಿಂದ ‘ಗುಂಯ್’ ಅಂತ ಒಂದು ನಡುಕ ಹತ್ತಿಕೊಂಡಿತು. ಪಕ್ಕದ ಕನ್ನಡಿಯಲ್ಲಿ ರಸ್ತೆ ಮಂಜಾಯಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ನಾಣ್ಯಗಳು ಕುಣಿದವು. 65 ದಾಟಿದರೆ ಮಾಯ. ಮಾರನೇ ದಿನ ನೋಡಿದರೆ ಏನೂ ಇಲ್ಲ. ಅದರ ಮಾರನೇ ದಿನ ಲೋಡು ತುಂಬಿ ಊರ ಹಂಪು ಹತ್ತಿಸಿ ಕ್ಲಚ್ಚು ಬಿಟ್ಟರೆ, ಗಾಡಿ ಜ್ವರ ಬಂದವರ ಹಾಗೆ ಗಡಗಡ ನಡುಗಿ ಆಮೇಲೆ ಮುಂದಕ್ಕೆ ಹೋಯಿತು. ಮತ್ತೆ ಎರಡು ದಿನ ಇಲ್ಲ. ಇದೆಂಥ ಕಾಯಿಲೆ? ಸದಾ ಇದ್ದರೆ ಕಾಯಿಲೆ ಅನ್ನಬಹುದು. ಇಲ್ಲವೇ ಇಲ್ಲದಿದ್ದರೆ ಆರೋಗ್ಯ ಅನ್ನಬಹುದು. ಬಂದು ಹೋಗುವುದಕ್ಕೆ ಏನನ್ನಬೇಕು?

ಪೇಟೆಯ ಗ್ಯಾರೇಜಿಗೆ ಹೋದೆವು. ದೊಡ್ಡ ಬೋರ್ಡಿನ ಗ್ಯಾರೇಜು. ಮಾಲೀಕ ಗಾಜಿನ ಮೇಲಿನ ಪಟ ನೋಡಿದ, ಆಮೇಲೆ ನಮ್ಮನ್ನು ನೋಡಿದ. ಯಾವ ಊರು ಅಂದ. ಹೇಳಿದೆವು. ಆ ಊರಲ್ಲಿ ಯಾವ ಬೀದಿ ಅಂದ. ಅದನ್ನೂ ಹೇಳಿದೆವು. ತಾನೇ ಓಡಿಸಿಕೊಂಡು ಒಂದು ಸುತ್ತು ಹೋಗಿ ಬಂದ. ನಡುಕ ಬರಲಿಲ್ಲ.

“ಎಲ್ಲಪ್ಪಾ ನಡುಕ? ತೋರ್ಸಿ ನೋಡಾನ.”

ತೋರಿಸಲು ನಮ್ಮ ಕೈಯಲ್ಲಿ ಏನಿತ್ತು? ವೀಲ್ ಬ್ಯಾಲೆನ್ಸಿಂಗ್ ಮಾಡಿ 800 ತೆಗೆದುಕೊಂಡ. ನಡುಕ ಹೋಗಲಿಲ್ಲ. ಟೈರು ಊದಿಕೊಂಡಿದೆ ಅಂದ. ಎರಡು ಟೈರು 11,000. ಹೋಗಲಿಲ್ಲ. ಕ್ಲಚ್ ಪ್ಲೇಟು ಅಂದ, 12,500. ಹೋಗಲಿಲ್ಲ. ಒಟ್ಟು 24,300 ರೂಪಾಯಿ. ಗಾಡಿಯ ಕೆಳಗೆ ಒಂದು ಸಲವೂ ಅವನು ತಲೆ ಹಾಕಲಿಲ್ಲ. ಒಂದು ಕಂತು ತಪ್ಪಿತು. ನಾಲ್ಕನೇ ಸಲ ಹೋದಾಗ ಕೆಲಸದ ಹುಡುಗರ ಮುಂದೆ ನಗುತ್ತಾ ಅಂದ: “ನಡುಗ್ತಿರೋದು ಗಾಡಿ ಅಲ್ಲ ಕಣಪ್ಪ, ನಿನ್ ಕೈ. ನಿಮ್ಮವರಿಗೆ ಸ್ಟೇರಿಂಗು ಹಿಡಿದು ರೂಢಿ ಎಲ್ಲಿದೆ?”

ಅಣ್ಣ ಹತ್ತು ವರ್ಷ ಬೇರೆಯವರ ಗಾಡಿ ಓಡಿಸಿದವನು. ಘಾಟಿ ರಸ್ತೆ ಹತ್ತಿ ಇಳಿದವನು. ಆ ರಾತ್ರಿ ಅವನು ಊಟ ಮಾಡಲಿಲ್ಲ. “ನಿಜವಾಗ್ಲೂ ನನ್ ಕೈಯೇ ನಡುಗ್ತಾ ಅದಾ ನೋಡ್ಲಾ” ಅಂತ ಎರಡೂ ಕೈಯನ್ನು ಬೆಳಕಿಗೆ ಚಾಚಿದ. ಕೈ ನೆಟ್ಟಗಿತ್ತು. ಆದರೆ ಅನುಮಾನ ಒಳಗೆ ಹೋಗಿತ್ತು. ಸ್ನೇಹಿತರೆ, ಅವರ ಮಾತು ಕೆಲಸ ಮಾಡುವುದೇ ಹೀಗೆ. ಲೋಪ ಹೊರಗೆ ಇರುತ್ತದೆ, ಅದನ್ನು ನಮ್ಮ ಕೈಯಲ್ಲಿ ಹುಡುಕಿಕೊಳ್ಳುವ ಹಾಗೆ ಮಾಡುತ್ತಾರೆ.

ಅದೇ ರಾತ್ರಿ ಓದಿದವನಿಗೆ ಬಾಬಾಸಾಹೇಬರು ತಾವೇ ಬರೆದುಕೊಂಡ ಒಂದು ಅನುಭವ ನೆನಪಾಯಿತು. 1929ನೇ ಇಸವಿ. ಸರ್ಕಾರದ ಸಮಿತಿಯೊಂದರ ಸದಸ್ಯರಾಗಿ ಓಡಾಡುತ್ತಿದ್ದ ಅವರು ಚಾಳೀಸಗಾಂವ್ ರೈಲು ನಿಲ್ದಾಣದಲ್ಲಿ ಇಳಿದರು. ಅಲ್ಲಿನ ಟಾಂಗಾದವರು ಒಬ್ಬ ಮಹಾರನನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಲಿಲ್ಲ. ಟಾಂಗಾ ಬೇಕಾದರೆ ಬಾಡಿಗೆಗೆ ತಗೊಳ್ಳಿ, ನಾವು ಹೊಡೆಯೋದಿಲ್ಲ ಅಂದರು. ಕೇರಿಯವರು ತಮ್ಮವನೊಬ್ಬನನ್ನೇ ಕೂರಿಸಿದರು. ಅವನಿಗೆ ಕುದುರೆ ಗಾಡಿ ಹೊಡೆದು ಗೊತ್ತಿಲ್ಲ. ಸೇತುವೆಯ ಮೇಲೆ ಚಕ್ರ ಕಲ್ಲಿಗೆ ತಾಗಿ ಅಂಬೇಡ್ಕರರು ಕಲ್ಲಿನ ಮೇಲೆ ಎಸೆಯಲ್ಪಟ್ಟರು. ಕುದುರೆ, ಗಾಡಿ ಹೊಳೆಗೆ ಬಿದ್ದವು. ಅವರ ಕಾಲು ಮುರಿಯಿತು.

ಅವತ್ತು ಆ ಪೇಟೆಯ ಟಾಂಗಾದವರು ಏನೆಂದಿರಬಹುದು? ಹೊಡೆಯೋಕೆ ಬರದವನು ಹೊಡೆದ, ಬಿದ್ದರು. ಅಷ್ಟೇ. ಮೇಲಿನಿಂದ ನೋಡಿದರೆ ಅದು ನಿಜವೇ. ಆದರೆ ಬರದವನು ಯಾಕೆ ಕೂತ? ಬರುವವನು ಯಾಕೆ ಕೂರಲಿಲ್ಲ? ಚಕ್ರ ನೋಡಿದರೆ, ಕುದುರೆ ನೋಡಿದರೆ, ಅವನ ಕೈ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಕೆಳಗೆ ಬಗ್ಗಿ ನೋಡಬೇಕು.

ನಾವೂ ಕೆಳಗೆ ನೋಡಲು ತೀರ್ಮಾನಿಸಿದೆವು. ಮೊದಲು ಒಂದು ನೋಟ್‌ಬುಕ್ಕು ತಂದೆವು, ಕಾಲೇಜಿನದೇ, ಅರ್ಧ ಖಾಲಿ ಇತ್ತು. ಗೆರೆ ಹೊಡೆದೆವು. ದಿನ, ಜಾಗ, ಸ್ಪೀಡು, ಗೇರು, ಲೋಡು, ನಡುಕ ಎಲ್ಲಿ ಕಂಡಿತು ಅಂತ ಆರು ಕಾಲಂ. ಅಣ್ಣ ಓಡಿಸುತ್ತಾ ಕೂಗುವುದು, ಓದಿದವನು ಬರೆಯುವುದು. ಹನ್ನೊಂದು ದಿನದಲ್ಲಿ 43 ಸಲ ಬರೆದೆವು. ಬರೆಯುತ್ತಾ ಬರೆಯುತ್ತಾ ಹುಚ್ಚು ನಡುಕಕ್ಕೂ ಒಂದು ನಿಯಮ ಇದೆ ಅನ್ನೋದು ಕಾಣತೊಡಗಿತು.

ನಿಂತ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಎಕ್ಸಲೇಟರು ಒತ್ತಿದೆವು. ನಡುಕ ಇಲ್ಲ. ಹಾಗಾದರೆ ಎಂಜಿನ್ನು ಅಲ್ಲ. 55ರಲ್ಲಿ ನಡುಕ ಬಂದಾಗ ಕ್ಲಚ್ಚು ಒತ್ತಿ, ಗೇರು ತಪ್ಪಿಸಿ, ಗಾಡಿಯನ್ನು ಹಾಗೇ ಉರುಳಲು ಬಿಟ್ಟೆವು. ಎಂಜಿನ್ನು ತಣ್ಣಗಾದರೂ ನಡುಕ ನಿಲ್ಲಲಿಲ್ಲ. ಅಂದರೆ ನಡುಕ ಎಂಜಿನ್ನಿನ ಓಟಕ್ಕಲ್ಲ, ಗಾಡಿಯ ಓಟಕ್ಕೆ ಕಟ್ಟುಬಿದ್ದಿದೆ. 12,500 ಕೊಟ್ಟು ಕ್ಲಚ್ ಪ್ಲೇಟು ಹಾಕಿಸುವ ಮುಂಚೆ ಮಾಡಬೇಕಾಗಿದ್ದ ಪರೀಕ್ಷೆ ಇದು. ಖರ್ಚು ಒಂದು ಪೈಸೆ ಇಲ್ಲ. ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದೆವು. ನಡುಕ ಜಾಗ ಬದಲಾಯಿಸಲಿಲ್ಲ. ಟೈರೂ ಅಲ್ಲ. ಸ್ಟೇರಿಂಗು ಯಾವತ್ತೂ ನಡುಗಿರಲಿಲ್ಲ, ನಡುಗಿದ್ದು ಸೀಟು. ಹಾಗಾಗಿ ಮುಂದಿನ ಚಕ್ರದ ಮೇಲೆ ಅನುಮಾನ ಪಡಬೇಕಿಲ್ಲ.

ಇನ್ನೊಂದು ಲೆಕ್ಕ ಓದಿದವನು ಹಾಕಿದ. ಗಾಡಿ 60ರಲ್ಲಿ ಓಡುವಾಗ ಚಕ್ರ ಸೆಕೆಂಡಿಗೆ ಏಳೆಂಟು ಸುತ್ತು ಸುತ್ತುತ್ತದೆ. ಚಕ್ರದ ದೋಷವಾದರೆ ‘ದಡ್ ದಡ್’ ಅಂತ ಹೊಡೆತ ಬೇರೆಬೇರೆಯಾಗಿ ತಿಳಿಯಬೇಕು. ಗಾಡಿಯ ಹೊಟ್ಟೆಯ ಕೆಳಗೆ ಉದ್ದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ಜೋರಾಗಿ, ಸೆಕೆಂಡಿಗೆ ಮೂವತ್ತರ ಹತ್ತಿರ ತಿರುಗುತ್ತದೆ. ಅದರ ದೋಷವಾದರೆ ಹೊಡೆತ ಬಿಡಿಯಾಗಿ ತಿಳಿಯುವುದಿಲ್ಲ, ಜೇನು ಎದ್ದ ಹಾಗೆ ಒಂದೇ ಸಮ ‘ಗುಂಯ್’ ಅನ್ನುತ್ತದೆ. ನಮ್ಮದು ಗುಂಯ್.

ಆದರೂ ಖಾಲಿ ಇದ್ದಾಗ ಯಾಕೆ ಬತ್ತದ, ಅರ್ಧ ಲೋಡಿಗೆ ಯಾಕೆ ಇಲ್ಲ, ಪೂರ್ತಿ ಲೋಡಿಗೆ ಹೊರಡುವಾಗ ಮಾತ್ರ ಯಾಕೆ ಅನ್ನೋದು ತಿಳಿಯಲಿಲ್ಲ. ಶಾಫ್ಟಿನ ಯಾವ ಜಾಗ ಅನ್ನೋದೂ ತಿಳಿಯಲಿಲ್ಲ. ಅದನ್ನು ಹೇಳಿದವಳು ಅವ್ವ.

ಮಾಲು ಗಾಡಿಯಲ್ಲಿ ಜನ ಕೂರಬಾರದು ಅಂತ ಕಾನೂನಿದೆ. ಕೂಲಿ ಹೆಂಗಸರನ್ನು ತೋಟಕ್ಕೆ ಕರೆದೊಯ್ಯಲು ಬೇರೆ ಗಾಡಿ ಮಾತ್ರ ಇಲ್ಲ. ಅವ್ವ ಜೀವಮಾನವೆಲ್ಲ ಟ್ರ್ಯಾಕ್ಟರು, ಲಾರಿ, ಪಿಕಪ್ಪಿನ ಹಿಂದೆ, ಕಬ್ಬಿಣದ ತಗಡಿನ ಮೇಲೆ ಕಾಲು ಮಡಿಸಿ ಕೂತು ಓಡಾಡಿದವಳು. ಒಂದು ದಿನ ಖಾಲಿ ಗಾಡಿಯಲ್ಲಿ ಹಿಂದೆ ಕೂತು ಬಂದವಳು, ಇಳಿದು ಸೊಂಟ ಹಿಡಿದುಕೊಂಡು ಅಂದಳು:

“ನೀವು ಮುಂದ್ಗಡೆ ಸೀಟಲ್ಲಿ ಕೂತ್ಕಂಡು ಏನ್ ಬರ್ಕತೀರಿ? ಇಲ್ಲಿ ಬನ್ನಿ. ಇಲ್ಲಿ ಕುಂತ್ರೆ ಹಲ್ಲು ಕಟಕಟ ಅಂತದ. ಒಂದ್ ಮಾರು ಹಿಂದಕ್ ಸರುದ್ರೆ ಅಷ್ಟಿಲ್ಲ. ಮುಂದಕ್ ಹೋದ್ರೂ ಅಷ್ಟಿಲ್ಲ. ಗಾಡಿ ಹೊಟ್ಟೆ ನಡುಮಧ್ಯ ಕನ್ರಪ್ಪ.”

ಅವಳು ತೋರಿಸಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದೆವು. ಬೆಳಿಗ್ಗೆ ಗೋಣಿ ಹಾಸಿಕೊಂಡು ಕೆಳಗೆ ತೂರಿ ನೋಡಿದರೆ, ಗೀಟಿನ ನೇರಕ್ಕೆ ಶಾಫ್ಟಿನ ನಡುವಿನ ಬೇರಿಂಗು. ನಮ್ಮ ಗಾಡಿಯ ಶಾಫ್ಟು ಒಂದೇ ತುಂಡಲ್ಲ, ಎರಡು ತುಂಡು. ಅವು ಸೇರುವ ಜಾಗವನ್ನು ಒಂದು ಬೇರಿಂಗು ಹಿಡಿದಿರುತ್ತದೆ. ಆ ಬೇರಿಂಗನ್ನು ರಬ್ಬರು ಹಿಡಿದಿರುತ್ತದೆ. ಆ ರಬ್ಬರು ಮೂರು ಕಡೆ ಹರಿದು ಒಂದು ಕಡೆ ಮಾತ್ರ ಅಂಟಿಕೊಂಡಿತ್ತು. ಮುಂದೆ ಕೂತವರಿಗೆ ಹನ್ನೊಂದು ದಿನ ಸಿಗದ್ದು ಹಿಂದೆ ಕೂತವಳಿಗೆ ಒಂದೇ ಸವಾರಿಯಲ್ಲಿ ಸಿಕ್ಕಿತು. ಬಿ.ಎ. ಡಿಗ್ರಿ ನಾಚಿಕೊಂಡಿತು.

ನಂಜನಗೂಡಿನ ಹತ್ತಿರ ರಸ್ತೆ ಬದಿಯಲ್ಲಿ ಬೋರ್ಡಿಲ್ಲದ ಒಂದು ಗ್ಯಾರೇಜಿದೆ. ಹುಣಸೆ ಮರ, ಒಂದು ಜಾಕಿ, ಒಂದು ಪೆಟ್ಟಿಗೆ ಸ್ಪ್ಯಾನರು. ಅಲ್ಲಿರುವ ಮುದುಕರನ್ನು ಎಲ್ಲರೂ ಭಾಯ್ ಅಂತಲೇ ಕರೆಯುವುದು. ಅವರಿಗೆ ನೋಟ್‌ಬುಕ್ಕು ಕೊಟ್ಟೆವು. ಕನ್ನಡ ಓದಲು ಬರುವುದಿಲ್ಲ, ನೀವೇ ಓದಿ ಅಂದರು. 43 ಸಾಲನ್ನೂ ಓದಿಸಿಕೊಂಡರು. ನಡುವೆ ನಗಲಿಲ್ಲ, ಎದ್ದು ಹೋಗಲಿಲ್ಲ. ಯಾವ ಬೀದಿಯವರು ಅಂತ ಕೇಳಲಿಲ್ಲ. ಆಮೇಲೆ ಗೋಣಿ ಎಳೆದುಕೊಂಡು ಕೆಳಗೆ ಹೋದರು.

ಕೆಳಗಿನಿಂದಲೇ ಕೈ ಹಿಡಿದು ತೋರಿಸಿದರು. ಹರಿದ ರಬ್ಬರು ಒಂದು. ಅದರ ಹಿಂದಿನ ಜಾಯಿಂಟ್ ಕ್ರಾಸಿನ ಬಾಯಲ್ಲಿ ಕೆಂಪು ಪುಡಿ, ಕುಂಕುಮ ಚೆಲ್ಲಿದ ಹಾಗೆ. ಗ್ರೀಸು ಒಣಗಿ ಒಳಗಿನ ಸೂಜಿ ಬೇರಿಂಗುಗಳು ತುಕ್ಕು ತಿನ್ನುತ್ತಿರುವ ಗುರುತು ಅದು. ಮೂರನೆಯದು ಹಿಂದಿನ ಕಮಾನು ಪಟ್ಟಿ. ಎರಡೂ ಕಡೆ ಕಂಪನಿ ಲೆಕ್ಕಕ್ಕಿಂತ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿತ್ತು. “ಮರಳು ಹೊಡ್ದಿರೋ ಗಾಡಿ ಇದು. ಜಾಸ್ತಿ ತುಂಬೋಕೆ ಪಟ್ಟಿ ಹಾಕವ್ರೆ.”

ಆಗ ಎಲ್ಲಾ ಬಿಡಿಸಿಕೊಂಡಿತು. ಹೆಚ್ಚಿನ ಪಟ್ಟಿಯಿಂದ ಖಾಲಿ ಗಾಡಿಯ ಹಿಂಭಾಗ ಮೇಲಕ್ಕೆ ಎದ್ದು ನಿಲ್ಲುತ್ತದೆ, ಶಾಫ್ಟು ಅಂಕುಡೊಂಕಾಗಿ ತಿರುಗುತ್ತದೆ, 50 ದಾಟಿದರೆ ಗುಂಯ್. ಪೂರ್ತಿ ಲೋಡು ಹೇರಿ ಕ್ಲಚ್ಚು ಬಿಟ್ಟರೆ ಆ ಎಳೆತಕ್ಕೆ ಹರಿದ ರಬ್ಬರು ಶಾಫ್ಟನ್ನು ಹಿಡಿಯಲಾರದೆ ಬಿಡುತ್ತದೆ, ಗಡಗಡ. ಅರ್ಧ ಲೋಡಿಗೆ ಮಾತ್ರ ಶಾಫ್ಟು ಹತ್ತಿರಹತ್ತಿರ ನೆಟ್ಟಗಾಗುತ್ತದೆ, ರಬ್ಬರೂ ಕೂತ ಜಾಗದಲ್ಲಿ ಕೂತಿರುತ್ತದೆ, ಗಾಡಿ ಸಾಧು. ಹನ್ನೆರಡು ಮೂಟೆ ಸಿಮೆಂಟು! ಮಾರಿದವನಿಗೆ ಗಾಡಿಯ ಕಾಯಿಲೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಎಷ್ಟು ತೂಕದಲ್ಲಿ ತೋರಿಸಿದರೆ ಕಾಣೋದಿಲ್ಲ ಅನ್ನುವುದೂ ಗೊತ್ತಿತ್ತು.

“ಇನ್ನೊಂದು ತಿಂಗಳು ಬಿಟ್ಟಿದ್ರೆ ಶಾಫ್ಟು ಕಿತ್ಕೊಂಡು ರೋಡಿಗೆ ಬೀಳ್ತಿತ್ತು. ಹಿಂದೆ ಅಮ್ಮನೋರು ಕೂತಿದ್ರೆ?” ಅಂದರು ಭಾಯ್. ನಾವು ಯಾರೂ ಮಾತಾಡಲಿಲ್ಲ.

ಬಿಚ್ಚುವ ಮುಂಚೆ ಶಾಫ್ಟಿನ ಎರಡು ತುಂಡಿಗೂ ಉಳಿಯಲ್ಲಿ ಗುರುತು ಹಾಕಿದರು. ಯಾಕೆ ಭಾಯ್ ಅಂದೆವು. ಓರೆಯಾಗಿ ತಿರುಗುವ ಜಾಯಿಂಟು ಒಂದು ಸುತ್ತಿನಲ್ಲಿ ಎರಡು ಸಲ ಓಡುತ್ತದೆ, ಎರಡು ಸಲ ನಿಧಾನವಾಗುತ್ತದೆ. ಒಂದು ಜಾಯಿಂಟಿನ ಏರುಪೇರನ್ನು ಇನ್ನೊಂದು ಸರಿದೂಗಿಸಬೇಕು. ಜೋಡಿಸುವಾಗ ಒಂದು ಹಲ್ಲು ಆಚೀಚೆ ಕೂತರೂ ಸರಿದೂಗುವುದಿಲ್ಲ, ಹೊಸ ಬೇರಿಂಗು ಹಾಕಿದರೂ ನಡುಕ ನಿಲ್ಲುವುದಿಲ್ಲ. ಅವರು ಇದನ್ನು ಹೇಳಿದ್ದು ಬಾಯಲ್ಲಲ್ಲ, ಎರಡು ಮುಷ್ಟಿ ತಿರುಗಿಸಿ ತೋರಿಸಿ. ಆ ಎರಡು ಮುಷ್ಟಿಯಷ್ಟು ಚೆನ್ನಾಗಿ ಮೂರು ವರ್ಷದ ಕಾಲೇಜು ನಮಗೆ ಏನನ್ನೂ ಕಲಿಸಿರಲಿಲ್ಲ.

ಸೆಂಟರ್ ಬೇರಿಂಗು, ಎರಡು ಕ್ರಾಸು, ಗ್ರೀಸು, ಪಟ್ಟಿ ತೆಗೆದದ್ದು, ಕೂಲಿ ಎಲ್ಲ ಸೇರಿ 3,500. ಖಾಲಿ ಗಾಡಿಯನ್ನು 50, 55, 60 ಅಂತ ಹತ್ತಿಸಿದೆವು. ಕನ್ನಡಿಯಲ್ಲಿ ರಸ್ತೆ ನಿಚ್ಚಳವಾಗಿ ಕಂಡಿತು. ನಾಣ್ಯಗಳು ಅಲುಗಲಿಲ್ಲ. ಅಣ್ಣ ಸ್ಟೇರಿಂಗಿನ ಮೇಲಿನ ತನ್ನ ಎರಡು ಕೈಯನ್ನೇ ಬಹಳ ಹೊತ್ತು ನೋಡುತ್ತಿದ್ದ.

ಇಲ್ಲಿಗೆ ಗಾಡಿಯ ಕತೆ ಮುಗಿಯಿತು. ಆದರೆ ಒಂದು ಮಾತು ಬಾಕಿ ಇದೆ.

ನಮ್ಮೂರಲ್ಲಿ ವರ್ಷಕ್ಕೊಂದು ಸಲ ಊರ ದೇವರನ್ನು ಕಪಿಲೆ ಹೊಳೆಗೆ ಕರೆದೊಯ್ದು ಪೂಜೆ ಮಾಡಿ ತರುತ್ತಾರೆ. ನಾವು ಗಾಡಿ ಕೊಂಡ ವರ್ಷ ಬಾಡಿಗೆ ಬೇಡ, ನಮ್ಮ ಗಾಡೀಲೇ ದೇವರು ಹೋಗಲಿ ಅಂತ ಅವ್ವನ ಆಸೆ. ದೇವರ ಮೇಲೆ ನಮಗೆ ಮೂವರಿಗೂ ಅಂಥ ನಂಬಿಕೆ ಇರಲಿಲ್ಲ, ಅವ್ವನಿಗಾಗಿ ಕೇಳಿದೆವು. ದಿನಾ ಬೆಳಿಗ್ಗೆ ತಮ್ಮ ಟೊಮೇಟೊವನ್ನು ನಮ್ಮ ಗಾಡಿಗೆ ತುಂಬಿಸುವ ಯಜಮಾನರೇ ಬಹಳ ನಯವಾಗಿ ಅಂದಿದ್ದರು: “ಕೊಡಬೋದಾಗಿತ್ತು ಕಣ್ರಪ್ಪ. ನಿಮ್ ಗಾಡಿ ನಡುಗ್ತದಲ್ಲ. ದೇವ್ರು ಅಲ್ಲಾಡಿದ್ರೆ ಊರಿಗೆ ಒಳ್ಳೇದಲ್ಲ.” ಹೌದಲ್ಲ, ನಡುಗೋದು ನಿಜ ಅಂತ ನಾವೂ ತಲೆ ತಗ್ಗಿಸಿ ಬಂದೆವು.

ಮರುವರ್ಷ ಗಾಡಿ ನಡುಗುತ್ತಿರಲಿಲ್ಲ. ಮತ್ತೆ ಹೋದೆವು. ರಿಪೇರಿ ಆಗಿದೆ, ಬೇಕಾದರೆ ಕೂತು ನೋಡಿ ಅಂದೆವು. ಯಜಮಾನರು ಎಲೆ ಅಡಿಕೆ ಜಗಿಯುತ್ತಾ, “ಈ ಸಲ ಟ್ರ್ಯಾಕ್ಟರಿಗೆ ಹೇಳ್ಬಿಟ್ಟಿವಿ” ಅಂದರು. ಆ ಟ್ರ್ಯಾಕ್ಟರು ನಮ್ಮ ವಯಸ್ಸಿನದು. ಮುಂದಿನ ಚಕ್ರ ಒಂದು ಈ ಕಡೆ ನೋಡಿದರೆ ಇನ್ನೊಂದು ಆ ಕಡೆ ನೋಡುತ್ತದೆ. ಹೊಳೆಯಿಂದ ವಾಪಸ್ಸು ಬರುವಷ್ಟರಲ್ಲಿ ದೇವರ ಕಿರೀಟ ಓರೆಯಾಗಿತ್ತು. ಊರಿಗೆ ಏನೂ ಆಗಲಿಲ್ಲ. ಮಾರನೇ ಬೆಳಿಗ್ಗೆ ಐದಕ್ಕೆ ಅದೇ ಯಜಮಾನರ 50 ಕ್ರೇಟು ಟೊಮೇಟೊ ನಮ್ಮ ಗಾಡಿಗೆ ಬಂತು.

ಟೈರಲ್ಲ, ಕ್ಲಚ್ಚಲ್ಲ, ಎಂಜಿನ್ನಲ್ಲ ಅಂತ ಒಂದೊಂದನ್ನೇ ತೆಗೆದು ಹಾಕಿದ ಮೇಲೆ ಉಳಿಯುವುದೇ ಕಾರಣ. ಗಾಡಿಯ ನಡುಕವನ್ನು ತೆಗೆದು ಹಾಕಿದೆವು. ಉಳಿದದ್ದು ಏನು? ನಾವು ಉಳಿದೆವು. ನಮ್ಮ ಜಾತಿ ಉಳಿಯಿತು. ಟೊಮೇಟೊಗೆ ಮೈಲಿಗೆ ಇಲ್ಲ, ದೇವರಿಗೆ ಇದೆ. ಗೊಬ್ಬರಕ್ಕೆ ಇಲ್ಲ, ಗೃಹಪ್ರವೇಶದ ಪಾತ್ರೆಗೆ ಇದೆ. ಮದುವೆಯ ಚಪ್ಪರದ ಗಳ ತರಲು ನಮ್ಮ ಗಾಡಿ, ಅಡಿಗೆ ಸಾಗಿಸಲು ಬೇರೆ ಗಾಡಿ. ನಮ್ಮೂರ ಜಾತಿಯೂ ಬಂದು ಹೋಗುವ ನಡುಕವೇ. ಇಂಥ ತೂಕಕ್ಕೆ ಬರುತ್ತದೆ, ಇಂಥ ತೂಕಕ್ಕೆ ಬರುವುದಿಲ್ಲ. ಈಗ ಕಾಗದದ ಲೋಟ ಬಂದ ಮೇಲೆ ಹೋಟೆಲಿನಲ್ಲೂ ಯಾರಿಗೆ ಯಾವ ಲೋಟ ಅನ್ನೋದು ಕಾಣುವುದಿಲ್ಲ. ಕೇಳಿದರೆ ಗ್ಯಾರೇಜಿನವನ ಮಾತೇ: ಎಲ್ಲಿದೆ ಜಾತಿ? ತೋರ್ಸಿ ನೋಡಾನ.

1989ರ ದೌರ್ಜನ್ಯ ತಡೆ ಕಾಯ್ದೆ ನಮ್ಮ ಪರವಾಗಿದೆ. ಆದರೆ ನಮ್ಮನ್ನು ಹೀನಾಯ ಮಾಡಬೇಕೆಂದೇ ಮಾಡಿದ ಅವಮಾನವನ್ನು ಅದರಡಿ ಅಪರಾಧ ಅನ್ನಬೇಕಾದರೆ, ಅದು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. “ಟ್ರ್ಯಾಕ್ಟರಿಗೆ ಹೇಳ್ಬಿಟ್ಟಿವಿ” ಅನ್ನುವ ನಯವಾದ ಮಾತನ್ನು ಯಾವ ಠಾಣೆಯಲ್ಲಿ ಬರೆಸುವುದು? ಅದರಲ್ಲಿ ಒಂದು ಕೆಟ್ಟ ಪದವಿಲ್ಲ. ಹನ್ನೆರಡು ಮೂಟೆ ಸಿಮೆಂಟು ಹಾಕಿ ತೋರಿಸಿದ ಗಾಡಿಯ ಹಾಗೆ ಅದು ನುಣ್ಣಗಿದೆ.

ಠಾಣೆಯವರು ಬರೆದುಕೊಳ್ಳದಿದ್ದರೆ ನಾವು ಬರೆದುಕೊಳ್ಳುತ್ತೇವೆ. ನೋಟ್‌ಬುಕ್ಕಿನಲ್ಲಿ ಇನ್ನೂ ಹಾಳೆ ಉಳಿದಿತ್ತು. ಅದನ್ನು ಹಿಂದುಮುಂದಾಗಿ ತಿರುಗಿಸಿ ಹಿಂದಿನ ಪುಟದಿಂದ ಮತ್ತೆ ಗೆರೆ ಹೊಡೆದೆವು. ದಿನ, ಜಾಗ, ಏನು ಲೋಡು, ಯಾರಿದ್ದರು, ಏನೆಂದರು. ಕೇರಿಯ ಬೇರೆ ಹುಡುಗರೂ ಬಂದು ಬರೆಸುತ್ತಿದ್ದಾರೆ. ಹೆಂಗಸರು ಬಂದು, ತೋಟದಲ್ಲಿ ನೀರು ಹುಯ್ದ ರೀತಿಯನ್ನು ಬರೆಸುತ್ತಿದ್ದಾರೆ. ಸ್ನೇಹಿತರೆ, ನೀವೂ ನಿಮ್ಮ ನಿಮ್ಮ ಕೇರಿಯಲ್ಲಿ ಒಂದು ನೋಟ್‌ಬುಕ್ಕು ತೆರೆಯಿರಿ. ಮುಂದೆ ಕೂತವರನ್ನು ಕೇಳಬೇಡಿ, ಹಿಂದೆ ತಗಡಿನ ಮೇಲೆ ಕೂತವರನ್ನು ಕೇಳಿ.

ಮೊದಲನೇ ಸಾಲು ಅವ್ವನದು. ಅವಳಿಗೆ ಅಕ್ಷರ ಬಾರದು, ಹೇಳಿದಳು, ಬರೆದೆವು. “ದೇವ್ರು ಟ್ರ್ಯಾಕ್ಟರಲ್ಲಿ ಹೋಯ್ತು. ನಮ್ ಗಾಡಿ ಮನೆ ಮುಂದೆ ಸುಮ್ನೆ ನಿಂತಿತ್ತು. ನಡುಗ್ತಿರಲಿಲ್ಲ.”